ನಿಂತ ಹಾಗೆ ಹೋದವರು

ನಮ್ಮ ಮನೆಯ ಗಂಡಸರು ಹಾಸಿಗೆ ಹಿಡಿದು ಸಾಯುವುದಿಲ್ಲ ಎನ್ನುವುದು ನಮ್ಮ ವಂಶದ ದೊಡ್ಡಸ್ತಿಕೆಯಾಗಿತ್ತು. ತಾತ ಗದ್ದೆಗೆ ನೀರು ತಿರುಗಿಸಲು ಹೋದವರು ಬದುವಿನ ಮೇಲೇ ಕುಸಿದರು. ಚಿಕ್ಕಪ್ಪ ಯಾರದೋ ಮದುವೆಯಲ್ಲಿ ಪಂಕ್ತಿಗೆ ಅನ್ನ ಬಡಿಸುತ್ತಿದ್ದವರು ಬಕೆಟ್ಟು ಕೆಳಗಿಟ್ಟು ಕಂಬಕ್ಕೆ ಒರಗಿದರು, ಅಷ್ಟೇ. ಅಪ್ಪ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದುಕೊಂಡು ಸರದಿಯಲ್ಲಿ ನಿಂತಿದ್ದರು. ಕ್ಯಾನು ಉರುಳಲಿಲ್ಲ, ಅಪ್ಪ ಉರುಳಿದರು. ಮೂವರಲ್ಲಿ ಒಬ್ಬರಿಗೂ ಐವತ್ತು ತುಂಬಿರಲಿಲ್ಲ. ದುದ್ದದ ಕಡೆ ಯಾರಾದರೂ ಮಲಗಿದಲ್ಲೇ ಮಲಗಿ, ಬೆನ್ನು ಹುಣ್ಣಾಗಿ, ನರಳಿ ಸತ್ತರೆ ಅವ್ವ ಸೆರಗು ಬಾಯಿಗಿಟ್ಟುಕೊಂಡು ಹೇಳುತ್ತಿದ್ದಳು: “ಏನ್ ಕರ್ಮ ಮಾಡಿದ್ನೋ ಪಾಪ. ನಮ್ಮನೆ ಗಂಡಸ್ರು ನೋಡು, ಒಬ್ರ ಕೈಲೂ ಮಾಡಿಸ್ಕಳ್ದಂಗೆ ನಿಂತಂಗೇ ಓದ್ರು.” ಕೇಳಿದವರು ತಲೆದೂಗುತ್ತಿದ್ದರು. ಪುಣ್ಯವಂತರ ಮನೆ ಅನ್ನಿಸಿಕೊಂಡಿದ್ದೆವು.

ಹಿರಿಯರ ಹಬ್ಬದ ದಿನ ನಡುಮನೆಯಲ್ಲಿ ಇವರ ಫೋಟೋಗಳನ್ನು ಸಾಲಾಗಿ ಇಟ್ಟು, ಬಾಳೆಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡುತ್ತೇವೆ. ತಾತನಿಗೆ ಬೋಟಿ, ಅಪ್ಪನಿಗೆ ತಲೆಮಾಂಸ, ಚಿಕ್ಕಪ್ಪನಿಗೆ ಮಾಂಸದ ಜೊತೆ ಒಂದು ಕ್ವಾರ್ಟರು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಆ ಸಾಲು ನೋಡಿ, “ಇವ್ರೆಲ್ಲ ಅಣ್ಣ ತಮ್ಮಂದ್ರಾ?” ಎಂದು ಕೇಳಿದಳು. ಇವರು ತಂದೆ, ಇವರಿಬ್ಬರು ಮಕ್ಕಳು ಎಂದು ಅವಳಿಗೆ ತಿಳಿಯುವ ಹಾಗೇ ಇರಲಿಲ್ಲ. ಮೂರು ಫೋಟೋದಲ್ಲೂ ಮೀಸೆ ಕಪ್ಪಗಿತ್ತು. ನಾವೆಲ್ಲ ಅವಳನ್ನು ನೋಡಿ ನಕ್ಕು, ಅದನ್ನೇ ಹೇಳಿ ಹೇಳಿ ವರ್ಷಗಟ್ಟಲೆ ರೇಗಿಸಿದೆವು.

ಅದೇ ಮನೆಯಲ್ಲಿ ಹುಟ್ಟಿದ ಹೆಂಗಸೊಬ್ಬಳೂ ನಿಂತ ಹಾಗೇ ಹೋದಳು. ಅದನ್ನು ನಾವು ಪುಣ್ಯ ಅನ್ನಲಿಲ್ಲ. ಕೊಲೆ ಅಂದೆವು.

ಅವಳು ಅಪ್ಪನ ತಂಗಿ, ನನಗೆ ಅತ್ತೆ. ಅರಕಲಗೂಡಿಗೆ ಕೊಟ್ಟಿದ್ದರು. ಗಂಡನಿಗೆ ಪೇಟೆ ಬೀದಿಯಲ್ಲಿ ಒಂದು ಸೈಕಲ್ ಶಾಪು, ಊರಾಚೆ ಸ್ವಲ್ಪ ಜಮೀನು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ ಆಮೇಲೆ ಒಂದು ಹೆಣ್ಣು ಮಗು ಹುಟ್ಟಿತು. ಆ ಮಗು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ, ಒಂದು ಸಂಜೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದ ಅತ್ತೆ ಹಾಗೇ ಬಿದ್ದಳಂತೆ. ಅವಳಿಗೆ ನಲವತ್ತೂ ಆಗಿರಲಿಲ್ಲ.

ನಾನಾಗ ಚಿಕ್ಕವನು, ಹೋಗಿರಲಿಲ್ಲ. ಆದರೆ ಮನೆಯಲ್ಲಿ ಎಷ್ಟು ಸಲ ಹೇಳಿದ್ದರೆಂದರೆ ಅವತ್ತು ನಡೆದದ್ದೆಲ್ಲ ಕಣ್ಣಾರೆ ಕಂಡ ಹಾಗೇ ಇದೆ. ಅಪ್ಪ, ಚಿಕ್ಕಪ್ಪ ತವರಿನ ಸೀರೆ, ಬಳೆ, ಅರಿಶಿನ ಕುಂಕುಮ ತಗೊಂಡು ಟ್ರ್ಯಾಕ್ಟರಿನ ತುಂಬ ಜನ ಕಟ್ಟಿಕೊಂಡು ಹೋದರು. ಹೋದವರೇ ಮಾವನ ಕೊರಳಪಟ್ಟಿ ಹಿಡಿದು ಬೀದಿಗೆ ಎಳೆದರು. “ಗುಂಡ್ಕಲ್ಲಂಗಿದ್ದ ಹೆಂಗ್ಸು ಎಂಗ್ಲಾ ಸತ್ಲು? ಏನ್ಲಾ ಆಕ್ದೆ ಅನ್ನಕ್ಕೆ?” ಎಂದು ಅಪ್ಪ ಪೇಟೆಗೆಲ್ಲ ಕೇಳುವಂತೆ ಕೂಗಿದರಂತೆ. ಮಕ್ಕಳಾಗಲಿಲ್ಲ ಎಂದು ಇನ್ನೊಂದು ಮದುವೆಗೆ ಮನಸ್ಸು ಮಾಡಿದ್ದ ಅಂತ ಯಾರೋ ಎಂದೋ ಆಡಿದ ಮಾತೇ ಸಾಕ್ಷಿಯಾಯಿತು. ಪೊಲೀಸರ ತನಕ ಹೋಗಲಿಲ್ಲ, ಹೋದರೆ ಹೆಣ ಕೊಯ್ಯುತ್ತಾರೆ ಎಂದು. ಕೊಯ್ದಿದ್ದರೆ ಅವತ್ತೇ ಗೊತ್ತಾಗಿಬಿಡುತ್ತಿತ್ತೇನೋ. ಅತ್ತೆಗೆ ನಮ್ಮ ಸೀರೆ ಉಡಿಸಿ, ಗುಂಡಿಗೆ ಇಳಿಸಿ, ಮಣ್ಣು ಹಾಕುವ ಹೊತ್ತಿಗೆ ಅಪ್ಪ ಮಾವನ ಕೈ ಹಿಡಿದು ತಡೆದರಂತೆ. “ನಿನ್ ಕೈ ಮಣ್ಣು ಅವಳ ಮ್ಯಾಲೆ ಬೀಳಕೂಡ್ದು” ಅಂದರಂತೆ. ಕಟ್ಟಿಕೊಂಡ ಗಂಡ ಹೆಂಡತಿಗೆ ಒಂದು ಹಿಡಿ ಮಣ್ಣು ಹಾಕಲಿಲ್ಲ. ನಮ್ಮ ಮನೆಯಲ್ಲಿ ಇದನ್ನು ಅಪ್ಪನ ಗಂಡಸುತನಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದರು, ನಾನೂ ನನ್ನ ಹೆಂಡತಿಗೆ ಹಾಗೇ ಹೇಳಿದ್ದೆ.

ಕೊಲೆಗಾರನ ಕೈಲಿ ಕೂಸನ್ನು ಬಿಡುವುದುಂಟೇ ಎಂದು ಮಗುವನ್ನು ಅದೇ ಟ್ರ್ಯಾಕ್ಟರಿನಲ್ಲಿ ಕರೆತಂದರು. ಅವಳು ನಮ್ಮ ಮನೆಯಲ್ಲೇ ಬೆಳೆದಳು, ನನ್ನನ್ನು ಬಾವ ಅಂತ ಕೂಗಿಕೊಂಡು, ನನ್ನ ಪೆನ್ಸಿಲು ಕದ್ದುಕೊಂಡು. ಅವಳಪ್ಪನ ಮಾತು ಬಂದರೆ ನಮ್ಮಲ್ಲಿ ‘ಅವನು’ ಎನ್ನುತ್ತಿದ್ದೆವೇ ಹೊರತು ಹೆಸರು ಎತ್ತುತ್ತಿರಲಿಲ್ಲ. ಒಂದು ಯುಗಾದಿಗೆ ಮಾವ ಒಂದು ಫ್ರಾಕು ಹಿಡಿದುಕೊಂಡು ನಮ್ಮೂರ ಬಸ್ ಸ್ಟಾಪಿನ ತನಕ ಬಂದಿದ್ದರಂತೆ. ಚಿಕ್ಕಪ್ಪ ದೊಣ್ಣೆ ತಗೊಂಡು ಹೋದರು. ಆಮೇಲೆ ಅವರು ಬರಲಿಲ್ಲ.

ಮುಂದೆ ಕೆಲವೇ ವರ್ಷಕ್ಕೆ ಅಪ್ಪನೂ ಡೇರಿ ಮುಂದೆ ಬಿದ್ದು ಸತ್ತರಲ್ಲ, ಆಗ ಗುಂಡುಕಲ್ಲಿನ ಹಾಗಿದ್ದ ಗಂಡಸು ಹೇಗೆ ಸತ್ತ ಎಂದು ಯಾರೂ ಯಾರ ಕೊರಳಪಟ್ಟಿಯನ್ನೂ ಹಿಡಿಯಲಿಲ್ಲ. ಅವ್ವನನ್ನು ಯಾರೂ ಬೀದಿಗೆ ಎಳೆಯಲಿಲ್ಲ. ಪುಣ್ಯವಂತ, ನಿಂತಂಗೇ ಹೋದ ಅಂದರು.

ನಾನು ಪಶು ಆಸ್ಪತ್ರೆಯ ನೌಕರ. ಜನ ದನದ ಡಾಕ್ಟ್ರು ಅನ್ನುತ್ತಾರೆ, ನಾನು ಡಾಕ್ಟರಲ್ಲ. ಕರು ಹಾಕಿಸಲು ಇಂಜೆಕ್ಷನ್ ಕೊಡುವುದು, ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕುವುದು ನನ್ನ ಕೆಲಸ. ಎರಡು ವರ್ಷದ ಕೆಳಗೆ ಸಾಲಗಾಮೆ ಹತ್ತಿರ ಒಂದು ಕೊಟ್ಟಿಗೆಯಲ್ಲಿ ಹಸುವಿನ ಹಿಂದೆ ನಿಂತಿದ್ದಾಗ ಎದೆ ಹಿಡಿದುಕೊಂಡಿತು. ಗ್ಯಾಸ್ ಅಂದುಕೊಂಡು ಸೋಡಾ ಕುಡಿದೆ. ಮನೆಗೆ ಬಂದು ಜೀರಿಗೆ ಅಗಿದೆ. ಹೆಂಡತಿ ನನ್ನ ಬೆವರು ನೋಡಿ, “ಸತ್ರೆ ಆಸ್ಪತ್ರೇಲಿ ಸಾಯಿ, ನನ್ ಕಣ್ ಮುಂದೆ ಬ್ಯಾಡ” ಎಂದು ಬೈದು ಆಟೋ ಕರೆಸಿದಳು. ಹಾಸನದ ಆಸ್ಪತ್ರೆಯಲ್ಲಿ ಸ್ಟೆಂಟು ಹಾಕಿದರು. ನಮ್ಮ ವಂಶದಲ್ಲಿ ಮೊದಲ ಬಾರಿಗೆ ಒಬ್ಬ ಗಂಡಸು ಮಲಗಿಕೊಂಡು ಬದುಕಿದ.

ಮೂರನೆಯ ದಿನ ಡಾಕ್ಟರಮ್ಮ ಬಂದರು. ನನ್ನ ಮಗಳ ವಯಸ್ಸು. ರೆಪ್ಪೆಯ ಮೂಲೆಯ ಹಳದಿ ಮಚ್ಚೆ ನೋಡಿದರು, ಕೈ ಗೆಣ್ಣಿನ ಮೇಲಿನ ಗಂಟು ಒತ್ತಿದರು, ಆಮೇಲೆ ಹೊದಿಕೆ ಸರಿಸಿ ಹಿಮ್ಮಡಿಯ ಮೇಲಿನ ನರವನ್ನು ಹಿಡಿದು ನೋಡಿದರು. ನಮ್ಮ ಮನೆಯವರಿಗೆಲ್ಲ ಅದು ಹಗ್ಗದ ಹಾಗೆ ದಪ್ಪ. ದುಡಿದ ಕೈಕಾಲು ಎಂದು ಅದನ್ನೂ ಹೆಮ್ಮೆಗೆ ಸೇರಿಸಿಕೊಂಡಿದ್ದೆವು. “ಇದು ದುಡಿದು ಬಂದಿದ್ದಲ್ಲ. ಕೊಲೆಸ್ಟ್ರಾಲ್ ಹೋಗಿ ಕೂತಿರೋದು. ನಿಮಗೆ ಹುಟ್ಟಿನಿಂದಲೇ ರಕ್ತದಲ್ಲಿ ಜಾಸ್ತಿ ಇದೆ. ಊಟದಿಂದ ಬಂದಿದ್ದಲ್ಲ, ತಂದೆಯಿಂದಲೋ ತಾಯಿಯಿಂದಲೋ ಬಂದಿದ್ದು. ಹೀಗಿರೋರಿಗೆ ಚಿಕ್ಕ ವಯಸ್ಸಿಗೇ ಹೃದಯದ ನಾಳ ಕಟ್ಟಿಕೊಳ್ಳುತ್ತೆ. ಮನೆಯಲ್ಲಿ ಯಾರಾದರೂ ಬೇಗ ಹೋಗಿದ್ದಾರಾ?” ಎಂದು ಕೇಳಿದರು.

ಎಡೆ ಇಡುವ ಕ್ರಮದಲ್ಲೇ ಹೇಳಿದೆ. ತಾತ, ಅಪ್ಪ, ಚಿಕ್ಕಪ್ಪ.

“ಹೆಂಗಸರು?”

“ನಮ್ಮನೇಲಿ ಹೆಂಗಸರಿಗೆ ಇದೆಲ್ಲ ಇಲ್ಲ ಮೇಡಂ.”

“ತಂದೆಗೆ ಅಕ್ಕ ತಂಗಿಯರು?”

“ಒಬ್ಬರು ಹೊಳೆನರಸೀಪುರದಲ್ಲಿದಾರೆ. ಎಂಬತ್ತಾಗಿದೆ, ಗಟ್ಟಿಯಾಗಿದಾರೆ. ಇನ್ನೊಬ್ಬರನ್ನ ಗಂಡ ಕೊಂದ.”

ಡಾಕ್ಟರಮ್ಮ ತಲೆಯೆತ್ತಿದರು. “ಕೊಂದರಾ? ಹೇಗೆ?”

“ವಿಷ ಹಾಕಿ.”

“ಪೋಸ್ಟ್ ಮಾರ್ಟಂ ಆಗಿತ್ತಾ?”

“ಇಲ್ಲ.”

“ಮತ್ತೆ ವಿಷ ಅಂತ ಹೇಗೆ ಗೊತ್ತಾಯ್ತು?”

“ಚೆನ್ನಾಗಿದ್ದೋರು ಮೇಡಂ. ಇದ್ದಕ್ಕಿದ್ದಂಗೆ, ನಿಂತಂಗೇ...” ಅಂದವನು ಅಲ್ಲಿಗೇ ನಿಲ್ಲಿಸಿದೆ. ನನ್ನ ಮಾತು ನನಗೇ ಕೇಳಿಸಿತು. ಮೈಗೆಲ್ಲ ವೈರು ಅಂಟಿಸಿಕೊಂಡು, ಆಸ್ಪತ್ರೆಯ ನಿಲುವಂಗಿ ಹಾಕಿಕೊಂಡು ಮಲಗಿದ್ದವನಿಗೆ ಮುಖ ತಿರುಗಿಸಿಕೊಳ್ಳುವುದಕ್ಕೂ ಜಾಗವಿರಲಿಲ್ಲ. ಹಸು ನೋಡಲು ಹೋದರೆ ನಾನು ಮೊದಲು ಕೇಳುವುದೇ ಇದರ ತಾಯಿ ಎಷ್ಟು ಹಾಲು ಕರೆಯುತ್ತಿತ್ತು, ತಾಯಿಗೆ ಕೆಚ್ಚಲುಬಾವು ಬಂದಿತ್ತೇ ಎಂದು. ಮೂವತ್ತು ವರ್ಷ ಊರವರ ದನಗಳ ಹೆಣ್ಣು ಕಡೆಯದನ್ನು ವಿಚಾರಿಸಿಕೊಂಡು ಬಂದವನು ಸ್ವಂತ ಅತ್ತೆ ಹೇಗೆ ಸತ್ತಳು ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಡಾಕ್ಟರಮ್ಮ ಅದನ್ನು ಬೆಳೆಸಲಿಲ್ಲ. “ಆಕೆಗೆ ಮಕ್ಕಳಿದ್ದಾರಾ?” ಎಂದರು. ಒಬ್ಬಳು ಮಗಳು, ಬಾಗೂರಿಗೆ ಕೊಟ್ಟಿದ್ದೇವೆ ಎಂದೆ. “ಆದಷ್ಟು ಬೇಗ ಕರ್ಕೊಂಡು ಬನ್ನಿ. ತಾಯಿಗಿದ್ದಿದ್ದರೆ ಅವರಿಗೂ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಮಾತ್ರೆ ತಗೊಂಡರೆ ತುಂಬ ವರ್ಷ ಚೆನ್ನಾಗಿರ್ತಾರೆ. ತಗೊಳ್ಳದೇ ಇದ್ದರೆ ನಿಮ್ಮ ಮನೆಯಲ್ಲಿ ಆಗಿರೋದು ನಿಮಗೇ ಗೊತ್ತಲ್ಲ” ಎಂದರು.

ಅವಳು ಆಗಲೇ ಅವಳ ತಾಯಿ ಬದುಕಿದ್ದಕ್ಕಿಂತ ಹೆಚ್ಚು ವರ್ಷ ಬದುಕಿಬಿಟ್ಟಿದ್ದಳು. ಅದು ನೆನಪಾಗಿ ನನಗೆ ಭಯವಾಯಿತು.

ಮನೆಗೆ ಬಂದ ಮೇಲೆ ಅವ್ವನಿಗೆ ಹೇಳಿದೆ. ಅವ್ವ ಬಹಳ ಹೊತ್ತು ಅಕ್ಕಿ ಆರಿಸುತ್ತಲೇ ಇದ್ದಳು. “ಅವಳ ಕೈ ಗೆಣ್ಣೂ ನಿಮ್ಮಪ್ಪನಂಗೇ ಇತ್ತು” ಎಂದಳು ಕೊನೆಗೆ. ಅಂದರೆ ಅವಳಿಗೆ ಅರ್ಥವಾಗಿತ್ತು. ಆದರೆ ಆಮೇಲೆ ಮೊರ ಪಕ್ಕಕ್ಕಿಟ್ಟು ಹೇಳಿದ್ದು ಬೇರೆಯೇ. “ಮಗಿನ್ನ ಕರ್ಕಂಡೋಗು, ತೋರ್ಸು, ಬ್ಯಾಡ ಅನ್ನಲ್ಲ. ಸಕ್ರೆ ಕಾಯ್ಲೆ ಚೆಕಪ್ಪು ಅಂತೇಳು. ಅಳೇದ್ನೆಲ್ಲ ಕೆದಕ್ಬ್ಯಾಡ ಕಣ್ಲಾ. ನಿಮ್ಮಪ್ಪ ಇಲ್ಲ, ನಿನ್ ಚಿಕ್ಕಪ್ಪ ಇಲ್ಲ. ಸತ್ತೋರ ಬಾಯಿಗೆ ಮಣ್ಣಾಕ್ಬ್ಯಾಡ.”

ನಾನು ಹೂಂ ಅಂದೆ. ಅವ್ವನಿಗೆ ಹೆದರಿ ಅಲ್ಲ. ಅಪ್ಪನ ಫೋಟೋಕ್ಕೆ ಇನ್ನೊಂದು ಸಲ ಎಡೆ ಇಡುವಾಗ ಏನು ಮುಖ ಇಟ್ಟುಕೊಂಡು ಇಡಲಿ ಎಂಬ ನಾಚಿಕೆಗೆ.

ಹೀಗೆ ಅತ್ತೆಯ ಮಗಳನ್ನು ಸಕ್ಕರೆ ಕಾಯಿಲೆಯ ನೆಪ ಹೇಳಿ ಹಾಸನಕ್ಕೆ ಕರೆಸಿದೆ. ಬಂದವಳು ಆಸ್ಪತ್ರೆಯಲ್ಲೂ ನನ್ನನ್ನೇ ಆಡಿಕೊಳ್ಳುತ್ತಿದ್ದಳು. “ನಮ್ ಬಾವ ದನಗಳ್ನ ಬುಟ್ಟು ಜನಗಳ ಕಡೀಕೆ ಬಂದವ್ರೆ” ಎಂದು ನರ್ಸಿಗೆ ಹೇಳಿ ನಗಿಸಿದಳು. ರಕ್ತ ಕೊಟ್ಟು, ರಿಪೋರ್ಟು ಬಂದ ಮೇಲೆ ಇಬ್ಬರೂ ಡಾಕ್ಟರಮ್ಮನ ಮುಂದೆ ಕೂತೆವು. ಅವಳ ಕೊಲೆಸ್ಟ್ರಾಲು ನನ್ನದಕ್ಕೆ ಹೆಚ್ಚುಕಡಿಮೆ ಸಮ ಇತ್ತು. ಇದು ಹುಟ್ಟಿನಿಂದ ಬಂದಿದ್ದು, ತಂದೆತಾಯಿಯರಲ್ಲಿ ಒಬ್ಬರಿಂದ ಬರುವಂಥದ್ದು ಎಂದು ಡಾಕ್ಟರಮ್ಮ ವಿವರಿಸಿದರು.

ಅವಳು ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದಳು. ನಗು ಹೋಗಿತ್ತು. “ಇನ್ಯಾರಿಂದ ಬಂದಿರ್ತದೆ ಮೇಡಂ, ನಮ್ಮಪ್ಪ ಅನ್ನುಸ್ಕಂಡೋನಿಂದ್ಲೇ” ಎಂದಳು. “ನಮ್ಮವ್ವನ್ನ ತಿಂದ್ಕಂಡ. ಸಾಲ್ದು ಅಂತ ನಂಗೂ ಇಟ್ಟೋಗವ್ನೆ.”

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನನ್ನ ರೆಪ್ಪೆಯ ಮೇಲೆ ಹಳದಿ ಮಚ್ಚೆ, ಪಕ್ಕದಲ್ಲಿ ಕೂತಿದ್ದ ಅವಳ ಕೈ ಮೇಲೆ ನಮ್ಮ ಮನೆಯ ಗಂಟು. ನಾನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಹೃದಯವನ್ನು ನೋಡಿಕೊಂಡು ಕೂತೆ. ಭೂಮಿ ಬಾಯಿಬಿಡಬಾರದೇ ಎಂದು ಜನ ಹೇಳುತ್ತಾರಲ್ಲ, ಅದು ಬರೀ ಮಾತಲ್ಲ ಎಂದು ಅವತ್ತು ಗೊತ್ತಾಯಿತು.

“ನಿಮ್ಮ ತಾಯಿ ಇವರ ಸೋದರತ್ತೆ ಅಲ್ಲವೇ? ಇವರಿಗೂ ಇದೇ ಇದೆ. ನಿಮಗೆ ಬಂದಿರೋದು ತಾಯಿ ಕಡೆಯಿಂದ” ಎಂದರು ಡಾಕ್ಟರಮ್ಮ ಮೆಲ್ಲಗೆ. “ನಿಮ್ಮ ತಾಯಿ ಹೇಗೆ ಹೋದರು ಅಂತ ನಾನು ಪ್ರಮಾಣ ಮಾಡಿ ಹೇಳೋಕಾಗಲ್ಲ. ಆದರೆ ನನ್ನನ್ನ ಕೇಳಿದರೆ, ಅದು ಹೃದಯಾಘಾತ.”

ಹೊರಗೆ ಔಷಧಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು ಉಳಿದದ್ದನ್ನೆಲ್ಲ ನಾನೇ ಹೇಳಿದೆ. ಸಕ್ಕರೆ ಕಾಯಿಲೆಯ ನೆಪವನ್ನೂ, ಅವ್ವ ಹೇಳಿದ್ದನ್ನೂ ಹೇಳಿದೆ. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ, ಬೈಯಲೂ ಇಲ್ಲ. ಮಾತ್ರೆಯ ಪೊಟ್ಟಣ ಕೈಗೆ ಕೊಟ್ಟರೆ ಅದನ್ನು ನೋಡಿಕೊಂಡು, “ಅವ್ರು ಇನ್ನೂ ಇದಾರಾ?” ಎಂದಳು. ಅಷ್ಟು ಹೊತ್ತಿಗೆ ‘ಅವನು’ ಹೋಗಿ ‘ಅವರು’ ಆಗಿತ್ತು.

“ಅವ್ರೆ. ಅರಕಲಗೂಡಲ್ಲೇ.”

“ನಾನಿದ್ನ ನುಂಗಲ್ಲ ಬಾವ. ಮೊದ್ಲು ನೀನ್ ಓಗಿ ಅವ್ರ ಮುಂದೆ ನಿಂತ್ಕಂಡು ಏಳು. ಆಮೇಲೆ ಮಾತ್ರೆ.”

“ಹುಚ್ಚಿ, ಇದು ಹಟ ಮಾಡೋ ವಿಷ್ಯನಾ?”

“ಅಟ ಮಾಡೋದ್ನ ನಿಮ್ಮನೇಲೇ ಕಲ್ತಿದ್ದು” ಎಂದು ಪೊಟ್ಟಣವನ್ನು ಬ್ಯಾಗಿಗೆ ಹಾಕಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದಳು.

ನಾನು ತಕ್ಷಣ ಹೋಗಲಿಲ್ಲ. ಲಸಿಕೆ ಕೆಲಸ ಇದೆ ಎಂದೆ, ಡಾಕ್ಟರು ಓಡಾಡಬೇಡ ಅಂದಿದ್ದಾರೆ ಎಂದೆ, ಧನುರ್ಮಾಸ ಕಳೆಯಲಿ ಎಂದೆ. ನಿಜವಾಗಿ ಕಾಲು ಏಳುತ್ತಿರಲಿಲ್ಲ. ಆ ಮನುಷ್ಯನ ಮುಂದೆ ನಿಂತು ಮೊದಲ ಮಾತು ಏನೆಂದು ಆಡಲಿ? ತಪ್ಪಾಯಿತು ಅನ್ನುವುದೇ? ಬಸ್ಸಿನಲ್ಲಿ ಕಾಲು ತುಳಿದರೂ ಅದನ್ನೇ ಅನ್ನುತ್ತೇವೆ. ಆಗಲೇ ಬಾಗೂರಿನಿಂದ ಅವಳ ಗಂಡ ಫೋನು ಮಾಡಿದರು. ತೆಂಗಿನಕಾಯಿ ವ್ಯಾಪಾರ ಮಾಡುವ ಮಾತು ಕಡಿಮೆಯ ಮನುಷ್ಯ. “ಅಣ್ಣ, ಕಾಯಿ ಚೀಲ ಜರುಗ್ಸೋವಾಗ ಎದೆ ಹಿಡ್ಕಂಡು ಕೂತ್ಬುಟ್ಲು. ಆಮೇಲೆ ಸರಿಹೋಯ್ತು. ಆಸ್ಪತ್ರೆಗೂ ಬರಲ್ಲ ಅಂತಾಳೆ, ಮಾತ್ರೇನೂ ಮುಟ್ಟಲ್ಲ ಅಂತಾಳೆ. ಬಾವ ಓಗ್ಲಿ ಅಂತ ಒಂದೇ ಅಟ. ಎಲ್ಲಿಗ್ ಓಗ್ಬೇಕು ನೀವು?” ಎಂದರು. ಅವರಿಗೆ ಅವಳು ಏನೂ ಹೇಳಿರಲಿಲ್ಲ. ನಮ್ಮ ಮನೆಯ ಮಾನವನ್ನು ಅವಳು ಗಂಡನ ಹತ್ತಿರವೂ ಕಾಪಾಡಿದ್ದಳು.

ಮಾರನೆಯ ಬೆಳಗ್ಗೆ ಹೊರಟೆ. ನೀನೂ ಬಾ ಎಂದು ಫೋನು ಮಾಡಿದ್ದೆ. ಚನ್ನರಾಯಪಟ್ಟಣದಿಂದ ಅವಳು ಬಂದಳು, ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸೇರಿಕೊಂಡೆವು. ಮುಖ ಸೊರಗಿತ್ತು. ಟೀ ಕುಡಿಯೋಣ ಎಂದೆ, ಬೇಡ ಅಂದಳು. ಅರಕಲಗೂಡಿನ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಅವಳು, ಹಿಂದೆ ನಾನು. ಹಂಪು ಬಂದಾಗಲೆಲ್ಲ ಅವಳು ಎದೆಗೆ ಕೈಯಿಟ್ಟುಕೊಳ್ಳುತ್ತಾಳೇನೋ ಎಂದು ನೋಡುತ್ತಿದ್ದೆ.

ಅರಕಲಗೂಡಿನಲ್ಲಿ ಇಳಿದು ಆಟೋದವನ ಹತ್ತಿರ ಮಾವನ ಹೆಸರು ಹೇಳಿ, ಹಳೆಯ ಸೈಕಲ್ ಶಾಪಿನವರ ಮನೆ ಎಂದೆ. ಇಪ್ಪತ್ತೈದು ವರ್ಷದ ಹುಡುಗನಿರಬೇಕು. “ಓ, ಎಂಡ್ತೀನ ಸಾಯ್ಸಿದ್ರಲ್ಲ, ಆ ತಾತನ ಮನೆನಾ? ಕೂತ್ಕಳಿ ಸಾ” ಎಂದ. ಅದರಲ್ಲಿ ಕೊಂಕಿರಲಿಲ್ಲ. ಅರಳಿಮರದ ಹತ್ತಿರದ ಮನೆ ಎನ್ನುವಂತೆ ಗುರುತು ಹೇಳಿದ್ದ, ಅಷ್ಟೇ. ಅವನು ಹುಟ್ಟುವ ಮೊದಲೇ ಆಗಿದ್ದ ವಿಷಯ. ನಮ್ಮಪ್ಪ ಕೂಗಿದ್ದು ಇಷ್ಟು ವರ್ಷ ಕಳೆದರೂ ಆ ಬೀದಿಯಲ್ಲಿ ಓಡಾಡಿಕೊಂಡೇ ಇತ್ತು. ಅವಳು ಆಟೋದ ಕಂಬಿ ಹಿಡಿದುಕೊಂಡು ಆಚೆ ನೋಡುತ್ತಿದ್ದಳು. ನನಗೆ ಅವಳ ಪಕ್ಕ ಕೂರಲು ಮುಖವಿರಲಿಲ್ಲ, ಮುಂದೆ ಡ್ರೈವರಿನ ಪಕ್ಕ ಹೋಗಿ ಕೂತೆ.

ಸೈಕಲ್ ಶಾಪು ಮುಚ್ಚಿ ಎಷ್ಟೋ ಕಾಲವಾಗಿತ್ತು. ಮಾವ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಸಣ್ಣ ಆಳು. ಇಷ್ಟು ಸಣ್ಣಗಿದ್ದವರನ್ನು ಟ್ರ್ಯಾಕ್ಟರಿನ ತುಂಬ ಜನ ಹೋಗಿ ಹಿಡಿದುಕೊಂಡರೇ ಅನ್ನಿಸಿತು. ನಾನು ಯಾರೆಂದು ಹೇಳಿದೆ. ಕೈ ನಿಂತಿತು. ಅವಳು ಯಾರೆಂದು ನಾನು ಹೇಳಲೇ ಇಲ್ಲ, ಅವರೇ ಅವಳ ಮುಖವನ್ನು ಒಂದು ಸಲ, ಕೈಗಳನ್ನು ಒಂದು ಸಲ ನೋಡಿದರು. “ಒಳಗ್ ಬನ್ನಿ” ಎಂದರು.

ಒಳಗೆ ಚಾಪೆಯ ಮೇಲೆ ಕೂತು ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಹಾರಿಹೋಗಿತ್ತು. ನಮ್ಮ ರಕ್ತದಲ್ಲೇ ಇರುವ ಕಾಯಿಲೆ ಮಾವ, ಅಪ್ಪನೂ ಅದಕ್ಕೇ ಹೋಗಿದ್ದು, ಅತ್ತೆಯೂ ಅದಕ್ಕೇ ಹೋಗಿದ್ದು, ಇವಳಿಗೂ ಇದೆ, ನನಗೂ ಇದೆ, ನೀವು ಏನೂ ಮಾಡಿರಲಿಲ್ಲ. ಅಷ್ಟು ಹೇಳಿ ಕಾಲಿಗೆ ಬೀಳಲು ಹೋದೆ. ಮಾವ ಕಾಲು ಹಿಂದಕ್ಕೆ ಎಳೆದುಕೊಂಡರು.

“ಬೀದೀಲಿ ಏಳಿದ್ರಿ” ಎಂದರು. “ಮನೆ ಒಳಗ್ ಬಂದು ಕಾಲಿಡಿತೀಯಾ?”

ಸಿಟ್ಟಿನಿಂದ ಹೇಳಿದ್ದಲ್ಲ, ಲೆಕ್ಕ ತಪ್ಪಿದ್ದನ್ನು ತೋರಿಸುವವರ ಹಾಗೆ ಹೇಳಿದರು. ನಾನು ಅವಳ ಕಡೆ ನೋಡಿದೆ, ಈಗಲಾದರೂ ಸಾಕು ಅನ್ನುತ್ತಾಳೇನೋ ಎಂದು. ಅವಳು ಬಾಗಿಲ ಕಡೆ ನೋಡುತ್ತಿದ್ದಳು.

ಎದ್ದು ಬೀದಿಗೆ ಬಂದೆ. ಎದುರಿಗೆ ಒಬ್ಬ ಟೈಲರು, ಪಕ್ಕದಲ್ಲಿ ಸಣ್ಣ ಹೋಟೆಲು, ಅದರ ಮುಂದೆ ಮೂರು ನಾಲ್ಕು ಜನ, ಜಗಲಿಯಲ್ಲಿ ಒಬ್ಬಳು ಮುದುಕಿ. ಊರೂರು ತಿರುಗಿ ದನದ ಲಸಿಕೆಗೆ ಜನ ಸೇರಿಸುವವನು ನಾನು, ಬೀದಿಯಲ್ಲಿ ಕೂಗುವುದು ನನಗೆ ಹೊಸದಲ್ಲ. ಅವತ್ತು ಮಾತ್ರ ಬಾಯಿಂದ ಸ್ವರ ಬರಲಿಲ್ಲ. ನಾನು ಇಂಥವರ ಮಗ ಎಂದು ಶುರುಮಾಡಿದೆ. ಟೈಲರಿಗೆ ಕೇಳಿಸಿತೋ ಇಲ್ಲವೋ. ಹಿಂದಿನಿಂದ ಬಾಗಿಲಲ್ಲಿ ನಿಂತ ಮಾವ, “ಜೋರಾಗ್ ಏಳಪ್ಪ. ನಿಮ್ಮಪ್ಪ ಜೋರಾಗ್ ಏಳಿದ್ರು” ಎಂದರು.

ಜೋರಾಗಿ ಹೇಳಿದೆ. ಈ ಮನೆಯ ಯಜಮಾನರು ನಮ್ಮ ಅತ್ತೆಯನ್ನು ಕೊಂದಿಲ್ಲ. ಅವಳು ನಮ್ಮ ಮನೆಯ ಕಾಯಿಲೆಯಿಂದ ಸತ್ತಳು. ನಾವು ಸುಳ್ಳು ಹೇಳಿದ್ದೆವು. ಟೈಲರು ಮಷೀನು ನಿಲ್ಲಿಸಿದ. ಹೋಟೆಲಿನ ಮುಂದಿದ್ದವರಲ್ಲಿ ಒಬ್ಬ ಫೋನಿನಿಂದ ತಲೆಯೆತ್ತಿ, ಮತ್ತೆ ಬಗ್ಗಿಸಿದ. ಮುದುಕಿ ಮಾತ್ರ ಎದ್ದು ಬಂದು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. “ಈಗ್ ಬಂದ್ರಾ?” ಎಂದಳು. ಕಿವಿಯೆಲ್ಲ ಉರಿಯುತ್ತಿತ್ತು, ತಲೆ ತಗ್ಗಿಸಿಕೊಂಡು ಒಳಗೆ ಬಂದೆ.

ಅಷ್ಟರಲ್ಲಿ ಅವಳು ಬ್ಯಾಗಿನಿಂದ ಪೊಟ್ಟಣ ತೆಗೆದು ಒಂದು ಮಾತ್ರೆ ಬಿಡಿಸಿಕೊಂಡಿದ್ದಳು. ಮಾವ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ನೆಲದ ಮೇಲಿಟ್ಟು ದೂರ ಸರಿದರು. ಕೈಗೆ ಕೊಡಲಿಲ್ಲ. ತಾನು ಕೊಟ್ಟಿದ್ದನ್ನು ಅವಳು ಕುಡಿಯುತ್ತಾಳೋ ಇಲ್ಲವೋ ಎಂಬ ಅನುಮಾನ ಅವರಿಗಿತ್ತು. ಅವಳು ಚೊಂಬು ಎತ್ತಿ ಕುಡಿದಳು, ಮಾತ್ರೆ ನುಂಗಿದಳು. “ದಿನಾ ತಗಬೇಕಂತೆ” ಎಂದಳು ಅವರಿಗೆ. ನನಗೆ ಹೋದ ಜೀವ ಬಂದ ಹಾಗಾಯಿತು.

ಮಾವ ಅವರೆಕಾಯಿಯ ಮೊರವನ್ನು ಒಳಗೆ ತಂದುಕೊಂಡು ಸುಮ್ಮನೆ ಕೈಯಾಡಿಸುತ್ತಿದ್ದರು. ಆಮೇಲೆ ಮೊರ ನೋಡಿಕೊಂಡೇ ಹೇಳಿದರು:

“ಅವತ್ತು ಎಡಗೈ ಸೋತು ಬತ್ತೈತೆ ಅಂದ್ಲು. ಇವತ್ತು ಬಟ್ಟೆ ಬ್ಯಾಡ, ನಾಳೀಕೆ ಒಗಿತೀನಿ ಅಂದ್ಲು. ನಾನು ಶಾಪಿಂದ ಬಿಸ್ಲಲ್ಲಿ ಬಂದಿದ್ದೆ. ದಿನಾ ಇದೇ ಆಯ್ತು ನಿಂದು, ಸೋಂಬೇರಿ, ಅಂತ ಬೈದೆ. ಸುಮ್ಕೆ ಎದ್ದೋದ್ಲು ಕಲ್ಲತ್ರಕ್ಕೆ.” ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು. “ವಿಷ ಆಕಿಲ್ಲ ಅಂತ ನಂಗೂ ಗೊತ್ತಿತ್ತಪ್ಪ. ಆದ್ರೆ ಅದ್ಕೇ ಸತ್ಲು ಅನ್ಕಂಡಿದ್ದೆ. ನಾನು ಬೈದಿದ್ಕೆ. ಅದ್ಕೇ ಅವತ್ತು ನಿಮ್ಮಪ್ಪ ಕೇಳ್ದಾಗ ಬಾಯ್ ಬಿಡ್ಲಿಲ್ಲ.” ಆಮೇಲೆ ನನ್ನನ್ನು ನೋಡಿದರು. “ಅಂಗಾರೆ, ನಾನ್ ಬೈದಿದ್ಕಲ್ವಾ?”

ಅವಳೇ ಹತ್ತಿರ ಸರಿದು ಕೂತಳು. “ಅಲ್ಲ” ಎಂದಳು. “ನೀವು ಬೈದೆ ಇದ್ರೂ ಬತ್ತಿತ್ತು. ಡಾಕ್ಟ್ರನ್ನ ಬೇಕಾರೆ ಕೇಳುವಂತ್ರಿ.”

ಮಾವ ಮೊರ ಪಕ್ಕಕ್ಕೆ ಸರಿಸಿ, ಹೆಗಲ ಮೇಲಿನ ಟವೆಲ್ಲು ಮುಖಕ್ಕೆ ಮುಚ್ಚಿಕೊಂಡು ಅತ್ತರು. ಹೆಂಡತಿ ಸತ್ತದ್ದಕ್ಕೆ ಅಳುವುದಕ್ಕೆ ಅವತ್ತು ನಾವು ಅವರನ್ನು ಬಿಟ್ಟಿರಲಿಲ್ಲ.